ಹಗ್ಗದ ಕೊನೆಯ ಜಾಗ

"ಎಂಟೇ ಎಣಿಕೆ! ಎಂಟು ಎಣಿಸೋದ್ರೊಳಗೆ ಎಳ್ದು ಬಿಸಾಕುದ್ರಲ್ಲೋ!" ಕಾರ್ತ್ಯಾಯಿನಿ ಅಂಗೈಯ ಕೆಸರನ್ನು ಮಗನ ಅಂಗಿಗೇ ಒರೆಸಿದಳು. "ಕಾಲೆಲ್ಲ ಬೇಯ್ಸಿದ ಮರಗೆಣಸು ಆಗ್ಬಿಟ್ಟದೆ."

ಕೇಣಿಚಿರದ ಗದ್ದೆಯಲ್ಲಿ ಓಣಂ ಹಗ್ಗಜಗ್ಗಾಟ, ಹೆಂಗಸರ ಫೈನಲ್. ಮೂರರಲ್ಲಿ ಎರಡು ಎಳೆದವರು ಗೆದ್ದ ಹಾಗೆ. ಕಾರ್ತ್ಯಾಯಿನಿಯ ಬಾವಲಿ ತಂಡ ಮೊದಲನೆಯದನ್ನು ಸೋತಿತ್ತು. ಹದಿನಾಲ್ಕು ವರ್ಷದಿಂದ ಹಗ್ಗದ ತುದಿಯನ್ನು ಬೆನ್ನಿಗೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವವಳು ಕಾರ್ತ್ಯಾಯಿನಿ. ಈ ಸಲವೂ ಸೋತರೆ ಆ ಜಾಗ ಮುಂದುಗಡೆ ಹಗ್ಗ ಹಿಡಿಯುವ ಗ್ರೀಷ್ಮಳಿಗೆ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಕಾರ್ತ್ಯಾಯಿನಿಯೂ ಒಪ್ಪಿ ತಲೆಯಾಡಿಸಿದ್ದಳು. ಅದನ್ನು ಸಹಿಸದೆ ರಾತ್ರಿಯೆಲ್ಲ ಹಲ್ಲು ಕಡಿದವನು ಮಗ ಸುಜೀಶ್, ತಂಡಕ್ಕೆ ಹೇಳಿಕೊಡುವವನು.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಸುಜೀಶ್ ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತಿದ್ದ. ಎರಡು ತಿಂಗಳು ಸಂಜೆ ಸಂಜೆ, ಕೂಲಿಯಿಂದ ಬಂದ ಹೆಂಗಸರನ್ನು ಕೂರಿಸಿ ಕಾಲು, ಸೊಂಟ ಚಾಚಿಸಿ ಸಡಿಲ ಮಾಡಿಸಿದ್ದ. ಮೊಳಕಾಲು ಮಡಚಲಾಗದಿದ್ದ ಅಮ್ಮ ಈಗ ಸಲೀಸಾಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಅದೇ ಧೈರ್ಯದಲ್ಲಿ ಇವತ್ತು ಆಟಕ್ಕೆ ಮೊದಲು ಅರ್ಧ ಗಂಟೆ ಬದುವಿನ ಮೇಲೆ ಕಾಲು ಚಾಚಿಸಿ, ಅಲುಗಾಡಲೂ ಬಿಡದೆ ಹಾಗೇ ಕೂರಿಸಿದ್ದ. ಕೇಣಿಚಿರದವರು ಅಷ್ಟೂ ಹೊತ್ತು ಗದ್ದೆ ಸುತ್ತ ಓಡಿ, ಕುಣಿದು ಬೆವರುತ್ತಿದ್ದರು.

"ಎಂದಾ ಚೇಚಿ, ಏನಕ್ಕಾ, ನಿದ್ದೆ ಮುಗೀತಾ?" ಆ ಕಡೆಯಿಂದ ಕೇಣಿಚಿರದ ಶೋಭ ಕೂಗಿದಳು.

ಅಷ್ಟರಲ್ಲಿ ಮೈಕಿನ ಜೀಪು ಹಿಂದೆ ಸರಿಯಲು ಹೋಗಿ, ಹಗ್ಗ ಹಾಸುವ ಜಾಗದಲ್ಲೇ ಹೂತುಕೊಂಡಿತು. ಯಾರಾದರೂ ತಳ್ಳಿ ಎಂದು ಮೈಕು ಬೇಡಿಕೊಂಡಿತು. ಕಾರ್ತ್ಯಾಯಿನಿ ಸೆರಗು ಬಿಗಿದಳು.

"ಅಮ್ಮೆ, ಬೇಡ! ಕೂತ್ಕೊಳ್ಳಿ ಎಲ್ಲಾರೂ, ಕಾಲು ಚಾಚಿ!"

"ಚಾಚಿದ್ದು ಸಾಕು ಮೋನೆ, ಸಾಕು ಮಗನೆ. ಅದೆಲ್ಲ ಸಂಜೆಗೆ ಚೆಂದ. ಹೊತ್ತಾರೆ ಗದ್ದೆಗೆ ಇಳಿಯಾಗ ಯಾರು ಕಾಲು ಚಾಚಿ ಕೂರ್ತಾರೆ? ಮೈ ಬಿಸಿಯಾಗ್ಬೇಕು."

ತಂಡದ ಏಳೂ ಹೆಂಗಸರು ಜೀಪಿಗೆ ಹೆಗಲು ಕೊಟ್ಟರು. ಮೂರನೇ ನೂಕಿಗೆ ಜೀಪು ಎದ್ದಿತು, ಕೆಸರೆಲ್ಲ ಸುಜೀಶನ ಮುಖಕ್ಕೆ. ಅವನು ಒರೆಸಿಕೊಳ್ಳಲಿಲ್ಲ. ಅಮ್ಮನ ಕುತ್ತಿಗೆಯ ಬೆವರನ್ನೂ ನೆಲ ಗುದ್ದುತ್ತಿದ್ದ ಅವಳ ಹಿಮ್ಮಡಿಯನ್ನೂ ನೋಡಿದ. ಫೋನು ಜೇಬಿಗೆ ತುರುಕಿ, "ನಿಲ್ಬೇಡಿ! ಕುಣೀರಿ! ಹಗ್ಗ ಕೈಗೆ ಬರೋ ತನಕ ಕುಣೀರಿ!" ಎಂದು ಕಿರುಚಿದ. ಸಿಟ್ಟು ಅವನಿಗೆ ತನ್ನ ಮೇಲೇ ಎಂದು ಗೊತ್ತಾಗಿ ಎಲ್ಲರೂ ನಕ್ಕರು. ನಗುತ್ತಲೇ ಕುಣಿದರು.

ಎರಡನೆಯದು ಬಾವಲಿಗೆ ಬಂತು.

ಮೂರನೆಯದರಲ್ಲಿ ಹಗ್ಗ ಅಲುಗಲೇ ಇಲ್ಲ. ಎಣಿಕೆ ನಲವತ್ತು ದಾಟಿತು. ಶೋಭಳ ಕಡೆಯವರು ದಣಿದು ನೆಟ್ಟಗಾಗತೊಡಗಿದರು. ಕಾರ್ತ್ಯಾಯಿನಿ ಮೊಳಕಾಲು ಮಡಚಿ ಇನ್ನೂ ತಗ್ಗಿದಳು, ಎರಡು ತಿಂಗಳ ಹಿಂದೆ ಆಗದಿದ್ದಷ್ಟು ತಗ್ಗಿದಳು. ಆಮೇಲೆ ಹಿಂದಕ್ಕೆ ಒಂದು ಹೆಜ್ಜೆ. ಇನ್ನೊಂದು. ಸೀಟಿ ಕೂಗಿತು.

"ಗೆದ್ದೋ!" ಸುಜೀಶ್ ಗದ್ದೆಗೆ ಬಿದ್ದು ಹೊರಳಿದ.

ಗ್ರೀಷ್ಮ ಓಡಿಬಂದು ಹಗ್ಗ ಬಿಡಿಸಿದಳು. ಕಾರ್ತ್ಯಾಯಿನಿ ಪಕ್ಕಕ್ಕೆ ಸರಿದು, ತನ್ನ ಹಿಮ್ಮಡಿ ಕೊರೆದ ಎರಡು ಗುಳಿಗಳನ್ನು ತೋರಿಸಿದಳು.

"ಬಾ ಮೋಳೆ, ಬಾ ಮಗಳೆ, ಇಲ್ಲಿ ನಿಂತು ನೋಡು. ಮುಂದಿನ ಸಲ ನಿನ್ನ ಜಾಗ."

ಗ್ರೀಷ್ಮ ಮೆಲ್ಲಗೆ ಒಂದೊಂದೇ ಕಾಲಿಟ್ಟಳು. ಬೆರಳ ಸುತ್ತ ಕೆಂಪು ಕೆಸರುನೀರು ಜಿನುಗಿತು.