ಕಿಯೊಮಿಯ ದನಿ

ಮಗಳು ಕಿಯೊಮಿ ಸತ್ತ ವಾರಕ್ಕೆ ಹಾತ್ಸು ತನ್ನ ಅಳಿಯ ತಮೋತ್ಸುವಿನಲ್ಲಿ ಒಂದೇ ಒಂದನ್ನು ಬೇಡಿದ್ದಳು. ಅಸ್ಥಿಯನ್ನು ಗೋರಿಯಲ್ಲಿಡುವ ನಲವತ್ತೊಂಬತ್ತನೆಯ ದಿನದ ಕರ್ಮದೊಳಗೆ ಅವಳ ದನಿಯನ್ನು ಇನ್ನೊಂದು ಸಲ ಕೇಳಿಸಬೇಕು. ಮುದುಕಿಗೆ ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ಫೋಟೋ ಇಟ್ಟುಕೊಂಡು ಏನು ಮಾಡಿಯಾಳು?

ಇದೊಂದು ಕಷ್ಟದ ಮಾತೆಂದು ಊರಲ್ಲಿ ಯಾರಿಗೂ ಅನ್ನಿಸಲಿಲ್ಲ. ಹೊಳೆ, ಗದ್ದೆ, ಸೂರಿನಿಂದ ಜಾರುವ ಹಿಮ, ಇವುಗಳ ಸದ್ದು ಹಿಡಿದು, ಅದರ ಮೇಲೆ ಮಂಜು ಕವಿದ ಹಾಗೆ ತೆಳ್ಳಗೆ ಸ್ವರ ಹರಡಿ ನೂರಕ್ಕೂ ಮೀರಿ ಆಲ್ಬಮ್ ತಂದವನು ತಮೋತ್ಸು. ದೂರದ ಪಟ್ಟಣಗಳ ಜನ ಅದನ್ನು ಹಾಕಿಕೊಂಡು ನಿದ್ದೆ ಮಾಡುತ್ತಾರಂತೆ. ಪಕ್ಕದ ಗದ್ದೆಯ ಗೆನ್‌ಪಾಚಿ ಮಾತ್ರ, ಪುಕ್ಕಟೆ ಹರಿಯುತ್ತಿದ್ದ ಹೊಳೆಯನ್ನು ಡಬ್ಬಿಗೆ ತುಂಬಿ ಟೋಕಿಯೋಗೆ ಮಾರಿದ ಪುಣ್ಯಾತ್ಮ ಎಂದು ನಗುತ್ತಿದ್ದ.

ಸದ್ದು ಹಿಡಿಯಲು ಹೋದಾಗೆಲ್ಲ ಕಿಯೊಮಿ ಜೊತೆಗಿರುತ್ತಿದ್ದಳು. ಮೈಕಿನ ಮೇಲೆ ಹಿಮ ಬೀಳದಂತೆ ಕೊಡೆ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ತಪ್ಪಿ ಒಂದು ಕೆಮ್ಮೋ ಮಾತೋ ಬಿದ್ದರೆ ತಮೋತ್ಸು ಮನೆಗೆ ಬಂದು ಟೇಪಿನ ಅಷ್ಟು ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಬೆಸುಗೆ ಕಾಣದಂತೆ ತುದಿಗಳನ್ನು ಕೂಡಿಸುತ್ತಿದ್ದ. ತುಂಡು ಕಸಕ್ಕೆ ಹೋಗುತ್ತಿತ್ತು. ಕಂಪ್ಯೂಟರು ಬಂದ ಮೇಲೆ ಕಸವೂ ಉಳಿಯಲಿಲ್ಲ.

ಈಗ ತಮೋತ್ಸು ಉಗ್ರಾಣದ ಅಟ್ಟದಲ್ಲಿ ಕೂತು ಒಂದೊಂದೇ ಟೇಪು ಕೇಳಿದ. ಕಪ್ಪೆಗಳಿದ್ದವು, ಬಿದಿರು ಇತ್ತು. ಹೆಂಡತಿ ಎಲ್ಲೂ ಇರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಕರ್ಮದ ದಿನ ಭಿಕ್ಷು ಮಂತ್ರ ಮುಗಿಸಿ, ಅಸ್ಥಿ ಇಡಲು ಗೋರಿ ತೆರೆಸುತ್ತೇನೆಂದು ಮುಂದೆ ಹೋದ. ನೆಂಟರೂ ಹಿಂದೆ ನಡೆದರು. ತಮೋತ್ಸು ಅತ್ತೆಯ ಮುಂದೆ ಯಂತ್ರವಿಟ್ಟು ಒಂದು ಟೇಪು ಹಾಕಿದ. ಅದರಲ್ಲಿ ಹಿಮ ಬೀಳುತ್ತಿತ್ತು, ಬೀಳುತ್ತಲೇ ಇತ್ತು. ಹಾತ್ಸು ತಲೆ ಬಾಗಿಸಿ ಬಹಳ ಹೊತ್ತು ಕೇಳಿದಳು.

"ಎಲ್ಲಿದ್ದಾಳೆ?"

"ಇದರಲ್ಲೇ ಇದ್ದಾಳೆ ಅತ್ತೆ. ನನ್ನ ಪಕ್ಕದಲ್ಲೇ ಕೂತಿದ್ಲು. ಉಸಿರು ಹಿಡ್ಕೊಂಡು."

ಮುದುಕಿ ಬೈಯಲಿಲ್ಲ. ಯಂತ್ರ ನಿಲ್ಲಿಸಲು ಕೈಸನ್ನೆ ಮಾಡಿದಳು. "ಹೋಗ್ಲಿ ಬಿಡಿ ಅಳಿಯಂದ್ರೇ, ನೀವೇ ಹೇಳಿ. ಊಟಕ್ಕೆ ನಿಮ್ಮನ್ನ ಏನಂತ ಕರೀತಿದ್ಲು? ಅವಳು ಅಂದ ಹಾಗೇ ಅಂದು ತೋರಿಸಿ, ಸಾಕು."

ತಮೋತ್ಸು ಬಾಯಿ ತೆರೆದ. ಯಾವ ತಿಂಗಳಲ್ಲಿ ಹೊಳೆ ಯಾವ ಕಲ್ಲಿಗೆ ಹೇಗೆ ಬಡಿಯುತ್ತದೆಂದು ಬಲ್ಲವನ ನೆನಪಿಗೆ ಬಂದದ್ದು ಮೊಣಕೈ ಪಕ್ಕದಲ್ಲಿ ತಾನಾಗಿ ಬಂದು ಕೂರುತ್ತಿದ್ದ ಅನ್ನದ ಬಟ್ಟಲು. ಸದ್ದಾಗದಂತೆ ಅದರ ಕೆಳಗೆ ಮಡಿಸಿಟ್ಟ ಬಟ್ಟೆ.

"ಕರೀತಿರಲಿಲ್ಲ," ಎಂದ. "ಇಟ್ಟು ಹೋಗ್ತಿದ್ಲು."

"ನನ್ನ ಮನೇಲಿ ಮಾತಿಲ್ದೆ ತುತ್ತು ಇಳೀತಿರಲಿಲ್ಲ ಅವಳಿಗೆ. 'ಬಾಯಿ ಮುಚ್ಕೊಂಡು ತಿನ್ನೇ ಕಾಗೆ' ಅಂತ ಅವಳಪ್ಪ ಗದರೋರು."

ಇಷ್ಟು ಹೇಳಿ ಹಾತ್ಸು ತಡಕಾಡಿ, ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಭರಣಿಯನ್ನು ಮಡಿಲಿಗೆ ಎಳೆದುಕೊಂಡಳು.

"ಕೇಳಿದ್ಯೇನೇ," ಎಂದು ಅದಕ್ಕೇ ಬಾಗಿ ಶುರುಮಾಡಿದಳು, "ಕೆಳಮನೆಯವರು ಆ ಹಣ್ಣಿನ ಮರ ಕಡಿಸಿಬಿಟ್ರು. ನಾನು ಬೇಡ ಅಂದೆ. ಕೇಳ್ತಾರಾ?"

ಗೋರಿಯ ಹತ್ತಿರ ಎಲ್ಲರೂ ಕಾಯುತ್ತಿದ್ದರು. ತಮೋತ್ಸು ಏಳಲಿಲ್ಲ. ಮುದುಕಿ ಹೇಳುವುದು ಇನ್ನೂ ಇತ್ತು.