ಕೋಮಲಳ ಬಲಗಾಲು

"ಯಾರ್ರೀ ಈ ಮಗುವಿನ ಕಾಲಿಗೆ ಗೋರಂಟಿ ಹಾಕಿದ್ದು?"

ಹೊದಿಕೆ ಎತ್ತಿ ಹಿಡಿದೇ ನರ್ಸ್ ಶ್ವೇತ ಕೇಳಿದಳು. ಆರು ವರ್ಷದ ಕೋಮಲಳ ಬೆರಳು, ಉಗುರು, ಅಂಗಾಲು ಎಲ್ಲವೂ ಕೆಂಪೋ ಕೆಂಪು. ಕಳಲೆಯಿಂದ ಮೈಸೂರಿನ ಆಸ್ಪತ್ರೆಗೆ ಬರುವುದಿಲ್ಲವೆಂದು ರಚ್ಚೆ ಹಿಡಿದವಳನ್ನು ಅಜ್ಜಿ ಸಾಕಮ್ಮ ಒಲಿಸಿಕೊಂಡದ್ದೇ ಹೀಗೆ.

"ನಾನೇ ಕಣವ್ವ. ಬಣ್ಣ ಚೆನ್ನಾಗಿ ಕೂತಿಲ್ವಾ?"

"ಚೆನ್ನಾಗೇ ಕೂತಿದೆ, ಅದೇ ತೊಂದರೆ! ಬಲ ತೊಡೆಸಂದಿಯ ರಕ್ತನಾಳದಿಂದ ಹೃದಯದವರೆಗೆ ಟ್ಯೂಬ್ ಹಾಕಿ ತೆಗೆದಿದ್ದಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಾಲಿಗೇ ಅಪಾಯ. ಬೆರಳು ಬಿಳಿಚಿಕೊಂಡರೆ ತಿಳಿಯುತ್ತೆ. ಈಗ ಏನಂತ ನೋಡ್ಲಿ?"

ಸಾಕಮ್ಮ ಮೊಮ್ಮಗಳ ಕಾಲಿಗೆ ತನ್ನ ಕೈಯಾರೆ ಕೇಡು ತಂದೆನಲ್ಲ ಎಂದು ಮುಖ ಇಳಿಬಿಟ್ಟಳು. ಶ್ವೇತಳಿಗೆ ಪಾಪ ಎನಿಸಿತು.

"ಇರ್ಲಿ ಬಿಡಿ, ಮುಟ್ಟಿ ನೋಡೋಣ. ಎರಡೂ ಕಾಲು ಒಂದೇ ಸಮ ಬೆಚ್ಚಗಿರಬೇಕು. ವ್ಯತ್ಯಾಸ ಕಂಡರೆ ಕೂಗಿ."

ಅಷ್ಟು ಸಾಕಾಯಿತು. ಸಾಕಮ್ಮ ಒಂದೊಂದು ಕೈಯಲ್ಲಿ ಒಂದೊಂದು ಪಾದ ಹಿಡಿದು ಕಾವಿಗೆ ಕೂತ ಕೋಳಿಯಂತೆ ಮಂಚದ ತುದಿಯಲ್ಲಿ ಕೂತಳು. ನಂಜನಗೂಡಿನ ಫ್ಯಾಕ್ಟರಿಗೆ ಎಸ್‌ಟಿಡಿ ಬೂತಿನಿಂದ ರಜೆ ಹೇಳಿ ಬಂದ ಮಗ, ಕೋಮಲಳ ಅಪ್ಪ ಶಿವಮೂರ್ತಿ ಊಟಕ್ಕೆ ಕರೆದ.

"ನೀ ಓಗಪ್ಪ, ನಂಗೆ ಕೆಲ್ಸ ಅದ" ಎಂದಳು, ಸರ್ಕಾರಿ ನೌಕರಿ ಸಿಕ್ಕವರ ಗತ್ತಿನಲ್ಲಿ.

ಮೂರು ಗಂಟೆಯ ಹೊತ್ತಿಗೆ ಆ ಗತ್ತೆಲ್ಲ ಹಾರಿಹೋಯಿತು.

"ನರ್ಸವ್ವಾ, ಬಲಗಾಲು ತಣ್ಣಗಾಯ್ತಾ ಅದ, ಬಾ!" ಎಂದು ಸಾಕಮ್ಮ ಕೂಗಿದಳು.

"ಫ್ಯಾನ್ ಗಾಳಿಗೆ ಕಣವ್ವ" ಎಂದ ಶಿವಮೂರ್ತಿ.

"ಫ್ಯಾನು ಒಂದೇ ಕಾಲಿಗೆ ಬೀಸ್ತದೇನ್ಲಾ?"

ಶ್ವೇತ ಓಡಿಬಂದು ಪಾದದ ಮೇಲೆ ನಾಡಿ ಹುಡುಕಿದಳು. ಸಿಗಲಿಲ್ಲ. ಡಾಕ್ಟರು ಬಂದು ಪುಟ್ಟ ಯಂತ್ರವಿಟ್ಟು ರಕ್ತ ಹರಿಯುವ ಸದ್ದು ಆಲಿಸಿ, ಹೆಪ್ಪುಗಟ್ಟಿದೆ ಎಂದರು. ಹೆಪ್ಪು ಬೆಳೆಯದಂತೆ ತಡೆಯುವ ಔಷಧಿ ಡ್ರಿಪ್ಪಿನಲ್ಲಿ ಇಳಿಯತೊಡಗಿತು.

"ಬೇಗ ಹೇಳಿದ್ದು ಒಳ್ಳೇದಾಯ್ತಮ್ಮ. ಇನ್ನು ಕಾಯೋಣ" ಎಂದರು.

ಕಾಯುವುದೇನು ಸುಲಭವೇ? ಸಾಕಮ್ಮ ಎರಡೂ ಪಾದ ಹಿಡಿದೇ ಕೂತಳು. ದೀಪ ಹಚ್ಚುವ ಹೊತ್ತಿಗೆ ಅಂಗೈಗೆ ತುಸು ಬೆಚ್ಚಗೆನಿಸಿತು. ಭ್ರಮೆಯಿರಬಹುದೆಂದು ಕೈ ಬದಲಿಸಿ ಮತ್ತೆ ಹಿಡಿದಳು. ಶ್ವೇತ ಬಂದು ಮುಟ್ಟಿದವಳೇ ಅಜ್ಜಿಯ ಬೆರಳನ್ನು ಎಳೆದು ಪಾದದ ಮೇಲೆ ಒತ್ತಿದಳು.

"ನಾಡಿ ಬಂತು ನೋಡಿ ಅಜ್ಜಿ!"

ಸಾಕಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಇನ್ನು ಎದ್ದು ಊಟ ಮಾಡಿ."

ಸಾಕಮ್ಮ ಏಳಲಿಲ್ಲ. ಇನ್ನೂ ನಂಬಿಕೆ ಬರದೆ ಅಂಗಾಲಿನುದ್ದಕ್ಕೂ ಒಂದು ಬೆರಳು ಎಳೆದಳು.

"ಬುಡಜ್ಜಿ, ಕಚಗುಳಿ ಆಯ್ತದ!" ಕೋಮಲ ಕಿಲಕಿಲ ನಕ್ಕಳು.

ಸಾಕಮ್ಮ ಇನ್ನೊಮ್ಮೆ ಬೆರಳು ಎಳೆದಳು.