ಮಾವನ ಭಾನುವಾರದ ಕೆಲಸ

ಮಾವ ಕಟ್ಟಿದ ಫೋಟೊ ಸ್ಟುಡಿಯೋದ ಕಂಪ್ಯೂಟರಿಗೆ ಸೊಸೆ ಹಳೇ ಡಿಸ್ಕಿನ ಬದಲು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ವೇಗದ ಡಿಸ್ಕು ಹಾಕಿಸಿದಳು. ಭಾನುವಾರ ಮಾವ ಎಂದಿನಂತೆ, ಚದುರಿದ ಕಡತಗಳನ್ನು ಒಪ್ಪವಾಗಿ ಜೋಡಿಸುವ ಡಿಫ್ರಾಗ್ ಓಡಿಸಲು ಬಂದು ಕೂತರು.

“ಇನ್ನು ಅದು ಬೇಡ ಮಾವ. ಇದರಲ್ಲಿ ಸುಮ್ಮಸುಮ್ಮನೆ ಬರೆದು ಅಳಿಸಿದಷ್ಟೂ ಬೇಗ ಸವೆಯುತ್ತೆ.”

“ಹಾಗಾದ್ರೆ ನನಗಿನ್ನು ಕೆಲಸ ಇಲ್ಲ ಅನ್ನು,” ಎಂದು ಮಾವ ಮುಖ ಸಣ್ಣದು ಮಾಡಿಕೊಂಡರು.

ಸೊಸೆ ತಡಮಾಡದೆ ಅಂದಳು: “ಅಯ್ಯೋ, ಬೇಕಾದಷ್ಟಿದೆ! ಇದು ತುಂಬಿಹೋದ್ರೆ ನಿಧಾನ ಆಗುತ್ತೆ. ಹಳೇ ಫೋಟೊಗಳನ್ನೆಲ್ಲ ಹಳೇ ಡಿಸ್ಕಿಗೆ ಸಾಗಿಸಬೇಕು. ಯಾವುದು ಯಾರದ್ದು ಅಂತ ನಿಮಗೆ ತಾನೆ ಗೊತ್ತಿರೋದು?”

ಮಾವ ಕನ್ನಡಕ ಒರೆಸಿಕೊಂಡು ಶುರುಮಾಡಿದರು. ಎಷ್ಟು ಹೊತ್ತಾದರೂ ಮೊದಲ ಫೋಲ್ಡರೇ ಮುಗಿಯಲಿಲ್ಲ. ಒಂದೊಂದು ಮುಖಕ್ಕೂ ಒಂದೊಂದು ಕಥೆ ಹೇಳಬೇಕಿತ್ತು. ಸೊಸೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೇಳುತ್ತ ಕೂತಳು.